ಹಿತ್ತಲ ಬೆಂಚಿನ ಭಾರ

ಕನಸು ಕಾಣುವ ಸ್ವಭಾವದವನಿಗೆ ಹಿತ್ತಲು ಇರಬಾರದು. ಇದ್ದರೂ ಅದರ ಕಡೆಗೆ ತೆರೆಯುವ ಕಿಟಕಿ ಇರಬಾರದು. ಕಿಟಕಿಯೂ ಇದ್ದು, ಅದರ ಪಕ್ಕದಲ್ಲೊಂದು ಆರಾಮಕುರ್ಚಿಯೂ ಇದ್ದು, ಆ ಕುರ್ಚಿಯಲ್ಲಿ ಕೂತವನಿಗೆ ನಿವೃತ್ತಿಯೂ ಆಗಿಬಿಟ್ಟಿದ್ದರೆ ಮನೆಯ ಹೆಂಗಸರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು. ನನ್ನ ಹೆಂಡತಿ ರತ್ನ ಎಚ್ಚರದಿಂದಿರಲಿಲ್ಲ. ಪಾಪ, ಅವಳಿಗೆ ಪುರುಸೊತ್ತೆಲ್ಲಿ? ಬೆಳಗಾದರೆ ಮಗ್ಗ, ಬೈಗಾದರೆ ಒಲೆ. ನಾನು ಕೂತಲ್ಲೇ ಹಿತ್ತಲನ್ನು ಬೃಂದಾವನ ಮಾಡುತ್ತಿದ್ದೇನೆಂದು ಅವಳಿಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು.

ಕನಸಿನ ಜೊತೆಗೆ ನನಗೆ ಇನ್ನೊಂದು ಚಾಳಿಯಿದೆ. ಮನಸ್ಸು ಎಲ್ಲೋ ತೇಲುತ್ತಿರುವಾಗ ಯಾರು ಏನು ಕೇಳಿದರೂ ‘ಹೂಂ’ ಅಂದುಬಿಡುತ್ತೇನೆ. ಈ ಹೂಂಕಾರದಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ಹನೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಮ್ಮೆ ಹಾಗೇ ಕಿಟಕಿಯಾಚೆ ನೋಡುತ್ತ ಕೂತವನು ಎಚ್ಚೆತ್ತುಕೊಂಡರೆ ಬಸ್ಸು ಕೌದಳ್ಳಿಯಲ್ಲಿ ನಿಂತಿತ್ತು. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅನೂರ್ನಲ್ಲಿ ಇಳಿಯಲ್ವಾ ಸಾ ಅಂತ ಕೇಳ್ದೆ, ಊಂ ಅಂದ್ರಿ. ಮಾದಪ್ಪನ ಬೆಟ್ಟಕ್ಕೆ ಒಂಟವ್ರೆ ಅಂದ್ಕಂಡು ಸುಮ್ಗಾದೆ” ಅಂದ. ತಪ್ಪು ಅವನದಲ್ಲ. ಅಂದು ಕಚೇರಿಗೆ ರಜೆ ಹಾಕಿ, ಹೇಗೂ ಅರ್ಧ ದಾರಿ ಬಂದಿದ್ದೇನಲ್ಲ ಎಂದು ಬೆಟ್ಟಕ್ಕೂ ಹೋಗಿ ಕೈಮುಗಿದು ಬಂದೆ.

ನಮ್ಮ ಹಿತ್ತಲು ಅಗಲಕ್ಕಿಂತ ಉದ್ದ ಜಾಸ್ತಿ. ಮನೆಯ ಹಿಂಬಾಗಿಲಿನಿಂದ ಹೊರಟರೆ ದಕ್ಷಿಣಕ್ಕೆ ಓಣಿಯಂತೆ ನೇರವಾಗಿ ಹೋಗಿ, ತುದಿಯಲ್ಲಿ ಒಂದು ಮೊಣಕಾಲುದ್ದದ ಕಲ್ಲಿನ ಹತ್ತಿರ ಮುಗಿಯುತ್ತಿತ್ತು. ಆ ಕಲ್ಲಿನ ಆಚೆ ಬೇಲಿ, ಬೇಲಿಯ ಆಚೆ ಹೊಲಗಳು, ಎಲ್ಲಕ್ಕೂ ಆಚೆ ಬಿಳಿಗಿರಿರಂಗನ ಬೆಟ್ಟದ ಸಾಲು. ಸಂಜೆ ಬಿಸಿಲು ಇಳಿಯುವಾಗ ಆ ಸಾಲು ಒಂದೊಂದೇ ಪದರವಾಗಿ ನೀಲಿಯಾಗುತ್ತ, ಕೊನೆಯ ಪದರ ಯಾವುದು, ಆಕಾಶ ಯಾವುದು ಗೊತ್ತಾಗದ ಹಾಗೆ ಕರಗಿಹೋಗುತ್ತದೆ. ಅದನ್ನು ನೋಡುತ್ತ ನೋಡುತ್ತ ನನಗೆ ಅಲ್ಲೊಂದು ತೋಟ ಕಾಣತೊಡಗಿತು. ತೋಟದ ಕೊನೆಯಲ್ಲಿ ಒಂದು ಬೆಂಚು. ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ರತ್ನ. ನಡುವೆ ಎರಡು ಲೋಟ ಕಾಫಿ.

ಇದರಲ್ಲಿ ರತ್ನ ಕೂತಿರುವುದೇ ದೊಡ್ಡ ಕನಸು ಎಂದು ಓದುಗರು ದಯವಿಟ್ಟು ಗಮನಿಸಬೇಕು. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರೂ ಅವಳು ನನ್ನ ಪಕ್ಕದಲ್ಲಿ ಸುಮ್ಮನೆ ಕೂತದ್ದು ಹಸೆಮಣೆಯ ಮೇಲೆ ಒಂದು ಸಲ, ಆಮೇಲೆ ಬಸ್ಸಿನಲ್ಲಿ ಅಷ್ಟಿಷ್ಟು. ಬಸ್ಸಿನಲ್ಲೂ ಅವಳಿಗೆ ಕಿಟಕಿಯ ಕಡೆ ಸೀಟು ಬಿಟ್ಟುಕೊಟ್ಟರೆ ಮುಂದಿನ ಸ್ಟಾಪಿನಲ್ಲಿ ಯಾರಾದರೂ ಬಾಣಂತಿಗೆ ಎದ್ದು ಕೊಡುತ್ತಾಳೆ. ಮನೆಯಲ್ಲಿ ಅವಳು ಕೂರುವುದು ಮಗ್ಗದ ಮುಂದೆ ಮಾತ್ರ. ಅಲ್ಲಿ ಇಬ್ಬರಿಗೆ ಜಾಗವಿಲ್ಲ. “ಬಾರೇ ರತ್ನ, ಒಂದ್ಗಳಿಗೆ ಕೂತ್ಕೋ” ಅಂದರೆ, “ಕೂತ್ಕಂಡು?” ಅನ್ನುತ್ತಾಳೆ. ಒಳ್ಳೆಯ ಜಾಗವೊಂದಿದ್ದರೆ ಅವಳು ಕೇಳದೆ ಕೂತಾಳು ಎಂಬುದು ನನ್ನ ಲೆಕ್ಕಾಚಾರ.

ಈ ಕನಸಿಗೆ ಕಿಡಿ ಹಚ್ಚಿದವನು ಮಾಂಬಳ್ಳಿಯ ಶಿವಣ್ಣ. ನನ್ನ ಜೊತೆ ಹನೂರಿನಲ್ಲಿ ಕೆಲಸ ಮಾಡಿದವನು. ಅವನ ಮನೆಗೆ ಹೋದಾಗ ನೋಡುತ್ತೇನೆ, ಹುಲ್ಲಿನ ಮೆದೆ ಇದ್ದ ಜಾಗದಲ್ಲಿ ಹೂವಿನ ಮಡಿ, ಗೊಬ್ಬರದ ಗುಂಡಿ ಇದ್ದಲ್ಲಿ ತಾವರೆ ಕೊಳ, ಕೊಳದ ಪಕ್ಕದ ಕಲ್ಲುಬೆಂಚಿನ ಮೇಲೆ ಶಿವಣ್ಣ ಮತ್ತು ಅವನ ಹೆಂಡತಿ ಕೂತು ಕಡ್ಲೇಪುರಿ ತಿನ್ನುತ್ತಿದ್ದಾರೆ. ನನಗೆ ಹೊಟ್ಟೆಯೆಲ್ಲ ಉರಿದುಹೋಯಿತು. ಕೊಳ ನೋಡಿ ಅಲ್ಲ, ಕಡ್ಲೇಪುರಿ ನೋಡಿ. “ಗಾರ್ಡನ್ ಡಿಸೈನರ್ ಅಂತ ಅವ್ರೆ ಕಣಯ್ಯ ಮೈಸೂರ್ನಲ್ಲಿ, ಶಾಲಿನಿ ಮೇಡಂ ಅಂತ. ಗಿಡ ನೆಡಕೂ ಮುಂಚೆ ಮನೆಯವ್ರ ಮನಸ್ಸು ಕೇಳ್ತಾರೆ” ಎಂದ ಶಿವಣ್ಣ.

ನಿಜಕ್ಕೂ ಕೇಳಿದರು. ದೊಡ್ಡ ಟೋಪಿ ಹಾಕಿಕೊಂಡು ಬಂದ ಶಾಲಿನಿಯವರು ಹಿತ್ತಲಿನ ಉದ್ದಗಲ ಟೇಪಿನಲ್ಲಿ ಅಳೆದರು, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿದರು, ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ವಿಚಾರಿಸಿದರು. ಕೊನೆಗೆ, “ಸರ್, ಈ ಜಾಗಾನ ಮನೇಲಿ ಯಾರಾದ್ರೂ ಬೇರೆ ಯಾವುದಕ್ಕಾದ್ರೂ ಬಳಸ್ತಾರಾ?” ಎಂದು ಕೇಳಿದರು. ಆಗ ಬೆಟ್ಟದ ಮೇಲೆ ಒಂದು ತುಂಡು ಮೋಡ ಕೂತಿತ್ತು. ಅದು ಇಳಿಯುತ್ತದೋ ಹತ್ತುತ್ತದೋ ಎಂದು ನೋಡುತ್ತಿದ್ದ ನಾನು, “ಏನಿಲ್ಲ, ಹೆಂಗಸರು ಬಟ್ಟೆಗಿಟ್ಟೆ ಒಣಹಾಕ್ತಿರ್ತಾರೆ ಅಷ್ಟೆ” ಅಂದೆ. ರತ್ನ ಕಾಫಿ ತರುವ ಹೊತ್ತಿಗೆ ಮಾತು ಬದಲಾಗಿತ್ತು. “ತೋಟ ಮಾಡಿಸ್ತೀನಿ ಕಣೇ” ಅಂದೆ. “ಮಾಡುಸ್ಕಳಿ, ನನ್ಗೇನು” ಅಂದಳು. ಹೆಂಡತಿ ‘ನನಗೇನು’ ಅಂದಾಗ ಬುದ್ಧಿವಂತರು ಅಲ್ಲಿಗೇ ನಿಲ್ಲಿಸುತ್ತಾರಂತೆ. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಮುಂದಿನ ಸಲ ಬಂದಾಗ ಶಾಲಿನಿಯವರು ನಕ್ಷೆ ತಂದಿದ್ದರು. ಆಹಾ, ಏನು ನಕ್ಷೆ! ಹಿಂಬಾಗಿಲಿನಿಂದ ಹೊರಟ ಕಾಲುದಾರಿ ಹಾವಿನಂತೆ ಬಳುಕಿ, ಒಂದು ಸಣ್ಣ ದಿಬ್ಬ ಸುತ್ತಿ, ಕೊಳದ ಅಂಚು ಮುಟ್ಟಿ, ಕೊನೆಗೆ ಬೆಂಚಿನ ಮುಂದೆ ಬಂದು ನಿಲ್ಲುತ್ತಿತ್ತು. “ನಡೆಯೋರಿಗೆ ಮುಂದೇನಿದೆ ಅಂತ ತಟ್ಟನೆ ಕಾಣಬಾರದು ಸರ್. ಅದೇ ಇದರ ಗುಟ್ಟು” ಎಂದರು. ನನಗೆ ರೋಮಾಂಚನವಾಯಿತು. ರತ್ನ ಬಗ್ಗಿ ನೋಡಿ, “ಕಾಣ್ದೇ ಇದ್ರೆ ಎಡವ್ತಾರೆ” ಅಂದು ಒಳಗೆ ಹೋದಳು. ಲಾಳಿಯ ಟಕಟಕ ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ಕೊಂಚ ಸಿಟ್ಟು ಇತ್ತು ಅಂತ ಈಗ ಅನ್ನಿಸುತ್ತದೆ.

ಅಗೆಯುವ ಕೆಲಸಕ್ಕೆ ಹೂಗ್ಯಂನಿಂದ ಸಿದ್ದಪ್ಪ ಬಂದ. ನನಗಿಂತ ಹಿರಿಯ, ಆದರೆ ಹಾರೆ ಹಿಡಿದರೆ ನೆಲ ನಡುಗಬೇಕು. ತುದಿಯ ಕಲ್ಲು ಬೆಂಚಿನ ಜಾಗಕ್ಕೆ ಅಡ್ಡವಿತ್ತು. “ಇದನ್ನ ತೆಗೀಬಹುದಾ ಸರ್?” ಎಂದರು ಶಾಲಿನಿ. ನಾನು ಮನಸ್ಸಿನಲ್ಲೇ ಆ ಬೆಂಚಿನ ಮೇಲೆ ಕೂತು ಕಾಫಿ ಆರಿಸುತ್ತಿದ್ದೆ. “ಹೂಂ” ಅಂದೆ. ಸಿದ್ದಪ್ಪ ಬಗ್ಗಿ ಕಲ್ಲಿನ ಸುತ್ತ ಕೆದಕಿ, “ಸಾ, ಇದು ಬಾಳ ಆಳಕ್ಕೆ ಕುಂತದೆ, ಬೇರು ಬುಟ್ಟಂಗೆ. ದೊಡ್ಡೋರು ಯಾಕೋ ಏನೋ ಅಂತ ನೆಟ್ಟಿರ್ತರೆ. ತಗ್ದುಬುಡ್ಲಾ?” ಎಂದು ಮತ್ತೊಮ್ಮೆ ಕೇಳಿದ. ಅದಕ್ಕೂ ಹೂಂ. ಮಧ್ಯಾಹ್ನದವರೆಗೆ ಒದ್ದಾಡಿ ಕಿತ್ತ. ಕಲ್ಲು ಹೊರಬರುವಾಗ ಎರಡು ಹೋಳಾಯಿತು. ಆ ಜಾಗದಲ್ಲಿ ಹಲಸಿನ ಮರದ, ಬೆನ್ನೊರಗಿಲ್ಲದ ಚೆಂದದ ಬೆಂಚು ಬಂದು ಕೂತಿತು.

ಆಮೇಲೆ ವಿಚಿತ್ರ ಶುರುವಾಯಿತು. ಶಾಲಿನಿಯವರು ಬಳುಕುವ ದಾರಿಗೆ ಗುರುತಾಗಿ ಮರದ ಗೂಟ ಹೊಡೆಸಿ, ಗೂಟದಿಂದ ಗೂಟಕ್ಕೆ ದಾರ ಕಟ್ಟಿಸಿ ಮೈಸೂರಿಗೆ ಹೋದರು. ಮುಂದಿನ ವಾರ ಬಂದು ನೋಡಿದರೆ ಗೂಟಗಳೆಲ್ಲ ಹಿಂಬಾಗಿಲಿನಿಂದ ಬೆಂಚಿನವರೆಗೆ ಒಂದೇ ನೇರಕ್ಕೆ ನಿಂತಿದ್ದವು! ದಾರ ಮೀಟಿದರೆ ಟಿಣ್ ಅನ್ನಬೇಕು, ಅಷ್ಟು ಬಿಗಿ. ಸಿದ್ದಪ್ಪನನ್ನು ಕೇಳಿದರೆ, “ನಾನ್ಯಾಕ್ ಮುಟ್ಲಿ ಮೇಡಮ್ಮ, ನಂಗೇನ್ ಉಚ್ಚಾ?” ಅಂದ. ಅವರು ಮತ್ತೆ ಬಳುಕಿಸಿ ಹೋದರು. ಮತ್ತೆ ನೇರವಾಯಿತು. ಮೂರನೆಯ ಸಲ ಅವರು ನನ್ನ ಕಡೆ ನೋಡಿದ ನೋಟದಲ್ಲಿ ಗೌರವ ಅಷ್ಟಾಗಿ ಇರಲಿಲ್ಲ. “ಸರ್, ಡಿಸೈನ್ ಇಷ್ಟವಾಗಿಲ್ಲ ಅಂದ್ರೆ ನೇರವಾಗಿ ಹೇಳಿಬಿಡಿ” ಎಂದರು. ನಾನು ಆಣೆ ಪ್ರಮಾಣ ಮಾಡಿದೆ. ಬೆಟ್ಟದ ಗಾಳಿ ಇರಬಹುದು ಅಂದೆ. ಗಾಳಿ ಗೂಟ ಕಿತ್ತು ನೆಡುವುದಿಲ್ಲ ಎಂದು ನನಗೂ ಗೊತ್ತಿತ್ತು.

ಇದನ್ನು ಪತ್ತೆ ಮಾಡಿಯೇ ತೀರುತ್ತೇನೆಂದು ಅವರು ಮುಂದಿನ ಸಲ ಬೆಳ್ಳಂಬೆಳಗ್ಗೆ ಬಂದು ನನ್ನನ್ನು ಎಬ್ಬಿಸಿದರು. ನಾನು ಆ ಹೊತ್ತಿನಲ್ಲಿ ಹಿತ್ತಲನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹಿಂಬಾಗಿಲು ತೆರೆದರೆ ತೆಳ್ಳನೆ ಮಂಜು, ಮಂಜಿನಲ್ಲಿ ರತ್ನ ಮತ್ತು ಪಕ್ಕದ ಮನೆಯ ಪುಟ್ಟಮ್ಮಕ್ಕ. ಪುಟ್ಟಮ್ಮಕ್ಕನ ತೋಳಿನಲ್ಲಿ ಮಗುವಿನಂತೆ ಮಲಗಿದ್ದ ಕುಂಕುಮದ ಬಣ್ಣದ ರೇಷ್ಮೆಯ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನು ಹೀಗೆ ಹೊರಗೆ ಬಿಗಿಯಾಗಿ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಹರಿದದ್ದಕ್ಕೆ ಗಂಟು ಹಾಕಬೇಕು. ಊರಿನಲ್ಲಿ ಬಹಳ ಜನ ಈಗ ಆ ಕೆಲಸವನ್ನು ಮೆಷಿನ್ನಿಗೆ ಬಿಟ್ಟಿದ್ದಾರೆ. ರತ್ನ ಬಿಟ್ಟಿಲ್ಲ. ಬಿಸಿಲು ಗಾಳಿ ಏಳುವ ಮುಂಚೆ, ಅಂದರೆ ನಾನು ಏಳುವುದಕ್ಕೆ ಬಹಳ ಮುಂಚೆ, ಮುಗಿಸಿಬಿಡುತ್ತಾಳೆ. ಒಂದು ತುದಿ ಹಿಂಬಾಗಿಲಿನ ಕಂಬಕ್ಕೆ, ಇನ್ನೊಂದು ತುದಿ ಆ ಕಲ್ಲಿಗೆ. ಹಿತ್ತಲು ಅಷ್ಟುದ್ದ ಇದ್ದದ್ದೇ ಅದಕ್ಕೆ. ಆ ಕಲ್ಲನ್ನು ನೆಟ್ಟವರು ನನ್ನ ಅಜ್ಜ. ನನ್ನ ತಾಯಿ ಹಾಸು ಎಳೆಯುವಾಗ ಅದರ ಕೆಳಗೆ ನುಸುಳಿ ಆಡಿ ಬೈಸಿಕೊಂಡವನು ನಾನೇ. ಎಲ್ಲ ಗೊತ್ತಿದ್ದೂ ಬಟ್ಟೆಗಿಟ್ಟೆ ಅಂದಿದ್ದೆ!

“ಈ ಗೂಟ ನೆಟ್ಟಗೆ ಮಾಡಿದ್ದು ನೀವಾ ಅಮ್ಮ?” ಎಂದರು ಶಾಲಿನಿ.

“ಊಂ ಕಣ್ರಿ” ಎಂದಳು ರತ್ನ, ನಾಚಿಕೊಂಡು. “ಇವ್ರು ಕಲ್ಲು ತಗಸ್ಬುಟ್ರಲ್ಲ, ಒಟ್ಟೆ ಉರೀತು ನಂಗೆ. ಆಮೇಕೆ ಗೂಟ ಒಡ್ಸಿದ್ರು. ಓ, ತೋಟ ಅನ್ನದು ನೆಪ, ನನ್ ಆಸಿಗೇ ಒಸಾದಾಗಿ ಮಾಡಿಸ್ತಾವ್ರೆ, ಯೋಳ್ದೆ ಮಾಡಿಸ್ತಾವ್ರೆ ಅಂದ್ಕಂಡೆ. ಡೊಂಕ್ ಡೊಂಕಾಗಿ ಒಡ್ಸಿದ್ರು. ಇವ್ರ್ ಕೆಲ್ಸ ಅಲ್ವಾ, ಅಂಗೇ ಇರ್ತದೆ ಅಂತ ನಾವೇ ನೆಟ್ಟಗ್ ಮಾಡ್ಕಂಡ್ವಿ.”

“ನೇಕಾರ್ರ ಕಣ್ಣಿಗೆ ದಾರ ಡೊಂಕಾಗಿದ್ರೆ ಅನ್ನ ಇಳಿತದಾ?” ಎಂದು ಪುಟ್ಟಮ್ಮಕ್ಕ ಸೇರಿಸಿದಳು.

ಶಾಲಿನಿ ನನ್ನನ್ನು ನೋಡಿದರು. “ಸರ್, ಬಟ್ಟೆಗಿಟ್ಟೆ ಅಂದ್ರಿ.”

“ಬಟ್ಟೆಗಿಟ್ಟೆ ಅಂದ್ರಾ?” ಎಂದಳು ರತ್ನ. ಅವಳ ಮುಖದ ನಗು ಮೆಲ್ಲಗೆ ಆರಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವಳಿಗಾಗಿ ಹೇಳದೆ ಕೇಳದೆ ಏನೋ ಮಾಡಿಸುತ್ತಿದ್ದೇನೆಂದು ನಂಬಿಕೊಂಡು ಇಷ್ಟು ದಿನ ಖುಷಿಯಾಗಿದ್ದಳಲ್ಲ, ಅದನ್ನು ನೆನೆದದ್ದೇ ತಡ, ನನಗೆ ಕೊಳ, ದಿಬ್ಬ, ಹಾವಿನ ದಾರಿ ಎಲ್ಲ ಒಂದೇ ಗಳಿಗೆಯಲ್ಲಿ ಬೇಡವಾಗಿಬಿಟ್ಟವು. “ತೋಟ ಬೇಡ ಮೇಡಂ. ಇವಳ ಜಾಗ ಇವಳಿಗೆ ಇರಲಿ” ಅಂದೆ. ಆ ಮಾತನ್ನು ಪೂರ್ತಿ ಎಚ್ಚರದಲ್ಲಿ ಆಡಿದೆ.

ಶಾಲಿನಿಯವರು ದೊಡ್ಡವರು. ನಕ್ಷೆ ಮಡಿಸಿ ಚೀಲಕ್ಕಿಟ್ಟು, ಟೋಪಿ ತೆಗೆದು, ಈ ಸಲ ರತ್ನಳ ಪಕ್ಕ ನಿಂತು ಮೊದಲಿನಿಂದ ಕೇಳಿದರು. ನಡುವೆ ಎಷ್ಟು ಅಗಲ ಖಾಲಿ ಬೇಕು? ಮುಳ್ಳಿನ ಗಿಡ ಇರಬಹುದಾ? “ಅಯ್ಯೋ, ಮುಳ್ಳು ತಗಲಿದ್ರೆ ಎಳೆ ಅರೀತದೆ.” ನನ್ನ ಕನಸಿನ ಗುಲಾಬಿಗಳು ಅಲ್ಲಿಗೆ ಮುಗಿದವು. ಅಂಟು ಸುರಿಸುವ ಮರ ಬೇಡ, ಬಣ್ಣ ಹತ್ತುವ ಹಣ್ಣು ಬೇಡ. ಉಳಿದದ್ದು ಎರಡೂ ಬದಿಗೆ ಕನಕಾಂಬರ, ಮರುಗ, ದವನ, ಬೇಲಿಯ ಮೇಲೆ ಮಲ್ಲಿಗೆ. ನಡುವೆ ಬಾಣದಂಥ ನೇರ ದಾರಿ. “ಇದೂ ಒಂದು ಡಿಸೈನೇ ಸರ್” ಎಂದರು.

ಎಲ್ಲ ಸರಿ, ಕಲ್ಲು ಹೋದ ಮೇಲಿನ ಮೊದಲ ಹಾಸು ಅದು, ಕಟ್ಟುವುದೆಲ್ಲಿಗೆ? ಆ ಸಣ್ಣ ಗೂಟಗಳ ತಾಕತ್ತು ಸಾಲದು ಎಂದು ಪುಟ್ಟಮ್ಮಕ್ಕ ಅಲ್ಲಾಡಿಸಿ ತೋರಿಸಿದಳು. ಕಲ್ಲು ಹೋಳಾಗಿ ಬಿದ್ದಿತ್ತು. ಇದ್ದದ್ದು ಬೆಂಚು. ರತ್ನ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. “ರೀ, ಬನ್ನಿ ಇಲ್ಲಿ. ಇದ್ರ ಮೇಲೆ ಕೂತ್ಕಳಿ. ಅಲ್ಲಾಡ್ಬೇಡಿ.”

ಹೀಗೆ ನಾನು ನನ್ನ ತೋಟದ ಬೆಂಚಿನ ಮೇಲೆ ಮೊದಲ ಸಲ ಕೂತೆ, ಅಜ್ಜ ನೆಟ್ಟ ಕಲ್ಲಿನ ಬದಲಿಗೆ. ಮುಖ ಮನೆಯ ಕಡೆ, ಬೆಟ್ಟ ಬೆನ್ನಿಗೆ. ಹಾಸು ಬಿಚ್ಚಿಕೊಂಡಿತು. ಅಷ್ಟು ಹೊತ್ತಿಗೆ ಮಂಜು ಸೀಳಿ ಬಿಸಿಲು ಬಿತ್ತು. ಹಿತ್ತಲಿನ ಉದ್ದಕ್ಕೂ ಕುಂಕುಮದ ಬಣ್ಣ ಗಾಳಿಯಲ್ಲಿ ತೇಲುತ್ತ ಹೊಳೆಯಿತು. ಸಾವಿರಾರು ಎಳೆಗಳು, ಒಂದನ್ನೊಂದು ಮುಟ್ಟದೆ ಉಸಿರಾಡುತ್ತಿರುವ ಹಾಗಿತ್ತು. ಎಂಥ ಚೆಲುವಪ್ಪ ಅದು! ಇಷ್ಟು ವರ್ಷ ಇದರ ಪಕ್ಕದ ಕೋಣೆಯಲ್ಲಿ ಮುಸುಕು ಹೊದ್ದು ಮಲಗಿ ಬೇರೆ ಕನಸು ಕಾಣುತ್ತಿದ್ದೆ. ಶಾಲಿನಿಯವರು ಫೋಟೊ ತೆಗೆಯುವುದನ್ನೂ ಮರೆತು ನಿಂತಿದ್ದರು.

ಅಷ್ಟರಲ್ಲಿ ಆ ತುದಿಯಿಂದ ಪುಟ್ಟಮ್ಮಕ್ಕ ಕೂಗಿದಳು. “ಬೆಂಚು ಜರುಗ್ತಾ ಅದೆ ಕಣವ್ವ ರತ್ನ! ನಿನ್ ಗಂಡನ್ ಬಾರ ಸಾಕಾಗ್ನಿಲ್ಲ. ನೀನೂ ಓಗಿ ಕುಂತ್ಕ!”

ರತ್ನ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕೈಗೆಟಕಿದ ಎಳೆಗಳಿಗೆ ಗಂಟು ಹಾಕುತ್ತ, ಏನೂ ಕೇಳದೆ, ಬಿಸಿಲು ಏರುವವರೆಗೆ ಕೂತೇ ಇದ್ದಳು. ಕಾಫಿ ತಂದುಕೊಟ್ಟದ್ದು ಶಾಲಿನಿಯವರು.

ಈಗ ತೋಟ ಚೆನ್ನಾಗಿ ಬಂದಿದೆ. ಕೊಳ್ಳೇಗಾಲದ ಕಡೆ ಬಂದರೆ ನೋಡಿಕೊಂಡು ಹೋಗಿ. ಹೊಸ ಕಲ್ಲು ಮಾತ್ರ ಇನ್ನೂ ಬಂದಿಲ್ಲ, ಹಾಸು ಕಟ್ಟುವುದು ಈಗಲೂ ಬೆಂಚಿಗೇ. “ಸಿದ್ದಪ್ಪಂಗೆ ಯೋಳಿದ್ರಾ?” ಎಂದು ರತ್ನ ಕೇಳುತ್ತಾಳೆ. “ಹೂಂ” ಅನ್ನುತ್ತೇನೆ. ನಾನು ಬೆಟ್ಟ ನೋಡುತ್ತಿರುವುದನ್ನು ಕಂಡು, ಇದೂ ಅದೇ ಹೂಂ ಎಂದುಕೊಂಡು ಅವಳು ಮಗ್ಗದ ಕಡೆ ಹೋಗುತ್ತಾಳೆ. ಇನ್ನೊಂದು ವಿಷಯ. ಈಚೆಗೆ ನಾನು ರಾತ್ರಿ ಮುದ್ದೆ ಅರ್ಧಕ್ಕೆ ಇಳಿಸಿದ್ದೇನೆ, ಸಂಜೆ ತಪ್ಪದೆ ನಡೆಯುತ್ತೇನೆ. ಈ ವಯಸ್ಸಿನಲ್ಲಾದರೂ ಬುದ್ಧಿ ಬಂತಲ್ಲ ಎಂದು ಶಿವಣ್ಣ ಮೆಚ್ಚಿಕೊಂಡಿದ್ದಾನೆ. ಅವನಿಗೇನು ಗೊತ್ತು? ನನ್ನ ತೂಕ ಸ್ವಲ್ಪ ಹೆಚ್ಚಾದರೂ ಬೆಂಚು ಜರುಗುವುದು ನಿಂತುಹೋಗುತ್ತದೆ. ಆಮೇಲೆ ರತ್ನ ಯಾಕೆ ಬಂದು ಕೂರುತ್ತಾಳೆ?