ಲ್ಯಾಪ್‌ಟಾಪಿಗೆ ಕೌದಿ ಹೊಚ್ಚಿದ್ದು

ನಮ್ಮ ಮನೆಗೆ ಹೊಸ ಸಾಮಾನು ಬಂತೆಂದರೆ ಅದರ ಬೆನ್ನಿಗೇ ಒಂದು ಫಜೀತಿಯೂ ಮೆಟ್ಟಿಲು ಹತ್ತಿ ಬರುತ್ತದೆ. ಮಿಕ್ಸರ್ ಬಂದ ದಿನ ಮುಚ್ಚಳ ಹಾಕುವುದು ಮರೆತು ಶೇಂಗಾ ಚಟ್ನಿ ಫ್ಯಾನಿಗೆ ಹಾರಿತ್ತು. ವಾಷಿಂಗ್ ಮಷಿನ್ ಬಂದ ದಿನ ಅದು ಗಡಗಡ ನಡುಗುವುದನ್ನು ನೋಡಿ, ಎಲ್ಲಿ ಬಿದ್ದೀತೋ ಅಂತ ನಾನು ಮುಕ್ಕಾಲು ತಾಸು ಅದನ್ನು ಅಪ್ಪಿಕೊಂಡು ನಿಂತಿದ್ದೆ. ಹಿಂಗಾಗಿ ಲ್ಯಾಪ್‌ಟಾಪ್ ಬರುತ್ತದೆ ಅಂದಾಗಲೇ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ನಾನು ಸಾಲಿ ಮುಖ ಕಂಡವಳಲ್ಲ. ಅಂಕಿ ಗುರುತು ಹಿಡಿಯುತ್ತೇನೆ, ಬಸ್ಸಿನ ನಂಬರು ಓದುತ್ತೇನೆ, ಅಷ್ಟೇ. ಇದನ್ನು ನಾನು ಹೇಳಿದ ಹಾಗೆ ಮೊಮ್ಮಗಳು ಬರೆದಿದ್ದಾಳೆ. ನಡುನಡುವೆ ನಗುತ್ತಾ ಕೂತಳು, ಅದಕ್ಕೇ ಎರಡು ದಿನ ಹಿಡಿಯಿತು.

ನಾವು ಕಲಬುರ್ಗಿ ಕಡೆಯವರು. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮೂರನೇ ಮಾಳಿಗೆಯ ಫ್ಲಾಟು. ಮಗ ಬೇಗಂ ಬಜಾರಿನ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಲ್ಯಾಪ್‌ಟಾಪ್ ಬೇಕಾಗಿದ್ದು ಸೊಸೆಗೆ. ಮನೆಯಲ್ಲೇ ಕೂತು ಗಿರಾಕಿಗಳ ತಕರಾರು ಕೇಳಿ ಫೋನಿನಲ್ಲಿ ಉತ್ತರ ಹೇಳುವ ಕೆಲಸ ಸಿಗುತ್ತದಂತೆ. ಕನ್ನಡ, ತೆಲುಗು, ಹಿಂದಿ ಬಂದರೆ ಸಾಕಂತೆ.

"ಮೂರೂ ನನಗ ಬರ್ತಾವಲ್ರಿ, ಅತ್ತಿಯಾರ. ನನ್ನ ಹೆಸರಿನ ಮ್ಯಾಲೆ ಒಂದು ಕೆಲಸ ಇರ್ಲಿ ಅಂತ ಭಾಳ ಆಸೆ ಐತ್ರಿ" ಅಂದಳು.

ಆ ಹುಡುಗಿ ನಮ್ಮ ಮನೆಗೆ ಬಂದ ಮೇಲೆ 'ಆಸೆ' ಅಂತ ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಅವಳಿಗೆ ಈ ಕೆಲಸ ಸಿಗಲೇಬೇಕು ಅಂತ ನಾನು ಅವತ್ತೇ ಹಟ ಹಿಡಿದೆ. ಮುಂದೆ ಆದದ್ದೆಲ್ಲ ಆ ಹಟದಿಂದಲೇ ಆದದ್ದು.

ರಾಹುಕಾಲ ಮುಗಿದ ಮೇಲೆ

ಲ್ಯಾಪ್‌ಟಾಪಿನ ಡಬ್ಬಿ ಮನೆಗೆ ಬಂದಾಗ ರಾಹುಕಾಲ ಆಗಷ್ಟೇ ಹಿಡಿದಿತ್ತು. ಒಂದೂವರೆ ತಾಸು ಯಾರೂ ಮುಟ್ಟಕೂಡದು ಅಂದೆ. ಮಗ, ಸೊಸೆ, ಮೊಮ್ಮಗಳು ಮೂವರೂ ಡಬ್ಬಿಯ ಸುತ್ತ ಕೂತು, ಬಾಣಂತಿ ಕೋಣೆಯ ಹೊರಗೆ ಕಾಯುವವರ ಹಾಗೆ ಗೋಡೆ ಗಡಿಯಾರ ನೋಡುತ್ತಿದ್ದರು. ಹೊತ್ತು ಕಳೆದ ಮೇಲೆ ತೆಗೆದರು. ನಾನು ಅದನ್ನು ಮಣೆಯ ಮೇಲೆ ಇಡಿಸಿ, ಮುಚ್ಚಳ ಎತ್ತಿಸಿ, ಆರತಿ ಬೆಳಗಿ, ನಟ್ಟನಡುವೆ ಹಣೆಯ ಜಾಗ ನೋಡಿ ಒದ್ದೆ ಕುಂಕುಮ ದುಂಡಗೆ ಹಚ್ಚಿದೆ.

ಸಂಜೆ ಸೊಸೆ ಅದರಲ್ಲೇ ಕಲಬುರ್ಗಿಯ ತಂಗಿಗೆ ವಿಡಿಯೋ ಕಾಲ್ ಮಾಡಿದಳು.

"ಅಕ್ಕಾ, ಎಲ್ಲಿ ಅದಿ? ನಿನ್ನ ಮಾರಿನ ಕಾಣವಲ್ದು. ಬರೇ ಕೆಂಪಗ, ಕತ್ತಲಿ ಐತಿ!"

ಸೊಸೆಯ ಮುಖ ಸಪ್ಪಗಾಯಿತು. ಹೊಸ ಸಾಮಾನು ಮೊದಲ ದಿನವೇ ಕೆಟ್ಟಿತಲ್ಲಾ ಅಂತ ಮಗ ಅದನ್ನು ಎದೆಗವಚಿಕೊಂಡು ಅದನ್ನು ಕೊಂಡ ಅಂಗಡಿಗೆ ಹೊರಟ. "ಮೋಸ ಮಾಡ್ಯಾರ, ನಾನೂ ಬರ್ತೀನಿ" ಅಂತ ನಾನೂ ಹೊರಟೆ. ದಾರಿಯುದ್ದಕ್ಕೂ ಅಂಗಡಿಯವನಿಗೆ ಏನೇನು ಬೈಯಬೇಕು ಅಂತ ಒಂದೊಂದೇ ಪೋಣಿಸಿಕೊಂಡೆ. ಅಂಗಡಿಯವನು ನೋಡಿದ, ನನ್ನ ಹಣೆ ನೋಡಿದ, ಹೆಬ್ಬೆರಳಿನಿಂದ ಒಮ್ಮೆ ಒರೆಸಿದ. ಪರದೆಯಲ್ಲಿ ನಮ್ಮಿಬ್ಬರ ಮುಖ ಲಕ್ಷಣವಾಗಿ ಮೂಡಿತು.

"ಕ್ಯಾಮೆರಾ ಅಕ್ಕಡೇ ಉಂದಮ್ಮಾ. ಬೊಟ್ಟು ಕಿಂದ ಪೆಟ್ಟಂಡಿ" ಅಂದ. ಕ್ಯಾಮೆರಾ ಅಲ್ಲೇ ಇದೆಯಂತೆ, ಕುಂಕುಮ ಅದರ ಕೆಳಗೆ ಹಚ್ಚಬೇಕಂತೆ.

ಪೋಣಿಸಿಕೊಂಡು ಬಂದ ಬೈಗುಳವೆಲ್ಲ ನುಂಗಿಕೊಂಡೆ. ಆದರೂ ಸೋಲಲಿಲ್ಲ. ಮಗನಿಗೆ ಹೇಳಿದೆ: "ಹಣಿ ಮ್ಯಾಲೆ ಕಣ್ಣು ಇದ್ದಾವ ಶಿವ ಒಬ್ಬಾಂವ ಅಂತ ತಿಳಿದಿದ್ದೆ. ಇದಕ್ಕೂ ಐತಿ ಅಂತ ಮೊದಲ ಹೇಳಿದ್ರ, ವಿಭೂತಿ ಹಚ್ಚಿದಂಗ ಕಣ್ಣು ಬಿಟ್ಟು ಹಚ್ತಿದ್ದೆ."

ಜ್ವರ

ನಮ್ಮ ಮನೆಯಲ್ಲಿ ಬತ್ತಲೆ ಇರುವ ಸಾಮಾನು ಯಾವುದೂ ಇಲ್ಲ. ಟಿವಿಗೆ ಹೊದಿಕೆ, ಫ್ರಿಜ್ಜಿಗೆ ಹೊದಿಕೆ, ಮಿಕ್ಸರಿಗೆ ಕುಲಾಯಿ. ಲ್ಯಾಪ್‌ಟಾಪಿಗೂ ಇರಲಿ ಅಂತ ಹಳೆಯ ಇಳಕಲ್ ಸೀರೆಯ ತುಂಡು ಸೇರಿಸಿ ಸಣ್ಣದೊಂದು ಕೌದಿ ಹೊಲಿದೆ. ತೊಟ್ಟಿಲ ಕೂಸಿಗೆ ಹೊಲಿಯುತ್ತೇವಲ್ಲ, ಅಂಥಾದ್ದು.

ಒಂದು ದಿನ ಸೊಸೆ ಅದರಲ್ಲಿ ಏನೋ ಪಾಠ ಹಚ್ಚಿಟ್ಟು ತರಕಾರಿ ತರಲು ಕೆಳಗೆ ಹೋದಳು. ಎದುರು ಕಟ್ಟಡದ ಕೆಲಸದ ಧೂಳು ಕಿಟಕಿಯಿಂದ ಬರುತ್ತಿತ್ತು. ನಾನು ಮುಚ್ಚಳ ಮೆಲ್ಲಗೆ ಅರ್ಧ ಬಗ್ಗಿಸಿ ಕೌದಿ ಹೊಚ್ಚಿದೆ. ಅವಳು ತಿರುಗಿ ಬಂದು ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಕಾದಿದೆ!

"ಅಯ್ಯೋ, ಅತ್ತಿಯಾರ! ಒಂದಲ್ಲ, ಎರಡೆರಡು ಕೌದಿ ಹೊಚ್ಚೀರಲ್ರಿ! ಅದು ಉಸಿರಾಡಬೇಕ್ರಿ, ಇಲ್ಲಂದ್ರ ಸುಟ್ಟು ಹೋಗ್ತೈತಿ."

"ಮೊದಲ ಒಂದ ಹೊಚ್ಚಿದ್ದೆ, ನನ್ನವ್ವಾ. ಆಮ್ಯಾಲೆ ಮುಟ್ಟಿ ನೋಡಿದ್ರ ಮೈ ಸುಡಾಕತ್ತಿತ್ತು, ಒಳಗ ಗುಂಯ್ ಅಂತ ನರಳಾಕತ್ತಿತ್ತು. ಥಂಡಿ ಜ್ವರ ಬಂದೈತಿ ಅಂತ ನನ್ನ ಕೌದಿನೂ ಹೊಚ್ಚಿದೆ."

ಅವಳು ಸಿಟ್ಟು ಮಾಡಬೇಕೆಂದುಕೊಂಡಳು, ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಫ್ಯಾನ್ ಜೋರು ಮಾಡಿದಳು. ಮೊಮ್ಮಗಳು ಮಾತ್ರ ಬಿಡಲಿಲ್ಲ. "ಆಯಿ, ಕಷಾಯ ಕುಡಸಲಿಲ್ಲಲ್ಲ, ನಮ್ಮ ಪುಣ್ಯ" ಅಂದಳು.

ಒಲೆಯ ಮೇಲೆ ಶುಂಠಿ ಕುದಿಯುತ್ತಿತ್ತು. ಅದು ನನಗೇ ಅಂತ ಎಷ್ಟು ಹೇಳಿದರೂ ಇವತ್ತಿನವರೆಗೂ ಯಾರೂ ನಂಬಿಲ್ಲ.

ಬಾಲ್ಕನಿಯಿಂದ ಓದಿದ್ದು

ಕೆಲಸದ ಅರ್ಜಿ ಕಳಿಸಲು ಅವತ್ತು ಕಡೆಯ ದಿನ. ನಮ್ಮ ಮನೆಯ ಇಂಟರ್ನೆಟ್ ಮುಂಜಾನೆಯಿಂದ ಸತ್ತು ಬಿದ್ದಿತ್ತು. ಸೊಸೆ ಲ್ಯಾಪ್‌ಟಾಪ್ ತೆಗೆದುಕೊಂಡು ಮೆಹದಿಪಟ್ಟಣಂನ ಗೆಳತಿಯ ಮನೆಗೆ ಹೋದಳು. ಅಲ್ಲಿ ಹೋಗಿ ತೆರೆದರೆ ಅದು ಪಾಸ್‌ವರ್ಡ್ ಕೇಳಿತು. ಮೊಮ್ಮಗಳು ಹಿಂದಿನ ದಿನವಷ್ಟೇ ಹೊಸದು ಹಾಕಿ, ಚೀಟಿ ಬರೆದು ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಮೊಮ್ಮಗಳು ಸಾಲಿಯಲ್ಲಿ, ಮಗ ಅಂಗಡಿಯಲ್ಲಿ. ಮನೆಯಲ್ಲಿ ಇದ್ದದ್ದು ನಾನು ಮತ್ತು ಚೀಟಿ.

ಫೋನು ಬಂತು. "ಅತ್ತಿಯಾರ, ಅದನ್ನ ಹೆಂಗರ ಮಾಡಿ ಓದ್ರಿ. ಐದಕ್ಕ ಬಂದ್ ಆಗ್ತೈತ್ರಿ."

ಒಳಗೆ ಮಾತು ಕಡಿಯುತ್ತದೆ ಅಂತ ಚೀಟಿ ಕಿತ್ತುಕೊಂಡು ಬಾಲ್ಕನಿಗೆ ಓಡಿದೆ. ಇಂಗ್ಲಿಷ್ ಅಕ್ಷರ ಬರದಿದ್ದರೇನು, ಕಣ್ಣು ಇವೆಯಲ್ಲ. ಜೋರಾಗಿ ಹೇಳತೊಡಗಿದೆ.

"ಮೊದಲನೇದು ಹಾವು! ಹೆಡಿ ಎತ್ತೇತಿ!"

"ಹಾಂ, ತಿಳೀತ್ರಿ. ಮುಂದ?"

"ಏಣಿ! ಒಂದ ಮೆಟ್ಲ ಐತಿ!"

"ಮುಂದ?"

"ಒಲಿ ಊದೋ ಕೊಳವಿ, ನೆಟ್ಟಗ ನಿಂತೈತಿ! ಅದರ ಬಾಜೂಕ ಎಣ್ಣಿ ಸುರಿಯೋ ಲಾಳಿಕಿ! ಕಡೀಕ ಗುಡಾರ, ನಡುವ ಒಂದು ಹಗ್ಗ ಕಟ್ಯಾರ! ಆಮ್ಯಾಲೆ ಅಂಕಿ ಅದಾವ, ಅವು ನನಗ ಬರ್ತಾವ."

ಅಂಕಿಯನ್ನೂ ಹೇಳಿದೆ. ಆಚೆ ಕಡೆ ಟಕಟಕ ಗುಂಡಿ ಒತ್ತಿದ ಸದ್ದು ಕೇಳಿತು. ಆಮೇಲೆ ಸೊಸೆ ಚೀರಿದಳು: "ಶಿವ ಅಂತ ಐತ್ರಿ, ಅತ್ತಿಯಾರ! ಒಂದ ಸಲಕ್ಕ ತೆರೀತು!"

ಸಾಲಿ ಕಲಿಯದ ದುಃಖ ನನಗೆ ಅರವತ್ತು ವರ್ಷದಿಂದ ಇತ್ತು. ಅವತ್ತು ಮಧ್ಯಾಹ್ನ ಅದು ಸ್ವಲ್ಪ ಇಳಿಯಿತು. ಎದೆ ಉಬ್ಬಿಸಿಕೊಂಡು ಹಾಲು ತರಲು ಕೆಳಗಿಳಿದೆ. ನಮ್ಮ ವಾಚ್‌ಮನ್ ರಾಯಚೂರಿನವನು. ಗೇಟಿನಲ್ಲಿ ಎದ್ದು ನಿಂತು ಕೇಳಿದ:

"ಆಗಳೆ ಹಾವು-ಏಣಿ ಆಡಾಕತ್ತಿದ್ರಲ್ಲ ಅಮ್ಮಾರ, ಕಡೀಕ ಯಾರು ಗೆದ್ರು ರೀ?"

ಮೀಸೆ ಸಾಹೇಬರು

ಆ ಅರ್ಜಿಗೆ ಕರೆ ಬಂತು. ಸಂದರ್ಶನ ಲ್ಯಾಪ್‌ಟಾಪಿನಲ್ಲೇ. ಇದಕ್ಕೂ ಮುಂಚೆ ಎರಡು ಕಡೆ ಅವಳನ್ನು ಬೇಡ ಅಂದಿದ್ದರು. ಇಬ್ಬರದೂ ಒಂದೇ ಮಾತು: ಇಷ್ಟು ವರ್ಷ ಮನೆಯಲ್ಲೇ ಇದ್ದೀರಿ, ಅನುಭವ ಇಲ್ಲ. ಎರಡನೇ ಸಲ ಹಾಗಂದ ದಿನ ಅವಳು ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತಿದ್ದು ನನಗೆ ಕೇಳಿಸಿತ್ತು. "ಇದೂ ಆಗಲಿಲ್ಲಂದ್ರ ಸಾಕ್ರಿ ಅತ್ತಿಯಾರ, ಮತ್ತ ಕೇಳಂಗಿಲ್ಲ" ಅಂದಿದ್ದಳು.

ಹಾಗಾಗಿ ಅವತ್ತು ಮನೆಯಲ್ಲಿ ಸೂಜಿ ಬಿದ್ದರೂ ಕೇಳಬಾರದು ಅಂತ ನಾನೇ ಕಾನೂನು ಮಾಡಿದೆ. ಬಾಗಿಲ ಗಂಟೆಯ ವಾಯರ್ ಬಿಚ್ಚಿಸಿದೆ. ಕುಕ್ಕರ್ ಇಡಲಿಲ್ಲ. ಜೋಳದ ರೊಟ್ಟಿ ಬಡಿದರೆ ಸದ್ದಾಗುತ್ತದೆ ಅಂತ ಚಪಾತಿ ಲಟ್ಟಿಸಲು ಕೂತೆ. ಸೊಸೆ ಇಸ್ತ್ರಿ ಸೀರೆ ಉಟ್ಟು ಹಾಲ್‌ನಲ್ಲಿ ಕೂತಳು.

ಮೊದಲು ಎಲ್ಲ ಮೆತ್ತಗೆ ನಡೆಯಿತು. ತೆಲುಗು ಮಾತಾಡಿಸಿದರು, ಹಿಂದಿ ಮಾತಾಡಿಸಿದರು. ಆಮೇಲೆ ಒಮ್ಮೆಲೇ ಒಬ್ಬ ಗಂಡಸಿನ ದನಿ, ಅದೂ ನಮ್ಮ ಕಡೆಯ ಮಾತಿನಲ್ಲೇ, ಗೋಡೆ ಬಿರಿಯುವ ಹಾಗೆ ಎದ್ದಿತು:

"ಏನ್ರಿ ಇದು, ನಿಮ್ದು ಕಂಪನಿನೋ ದನದ ಸಂತಿನೋ? ನಾಕು ದಿನ ಆತು ನನ್ನ ಫ್ರಿಜ್ ಕೆಟ್ಟು! ಮನ್ಯಾಗ ಹಾಲು ಒಡ್ಯಾಕತ್ತಾವ! ನಿಮಗೇನು ತಲಿ ಐತೋ ಇಲ್ಲೋ?"

ನನ್ನ ಸೊಸೆಗೆ, ನನ್ನ ಮನೆಯಲ್ಲಿ, ನಾನು ಜೀವಂತ ಇರುವಾಗ! ಕೈಯಲ್ಲಿದ್ದ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಪರದೆಯಲ್ಲಿ ದಪ್ಪ ಮೀಸೆಯ ಒಬ್ಬ ಸಾಹೇಬ.

"ಯಾರಪ್ಪಾ ನೀ? ನಿನ್ನ ಫ್ರಿಜ್ ಕೆಟ್ರ ಈಕಿ ಏನ್ ಮಾಡ್ಯಾಳು? ಈಕೀನ ಬಂದು ಕೆಡಿಸಿದ್ಲೇನು? ಫ್ರಿಜ್ ಇಲ್ಲದ ಮೂವತ್ತು ವರ್ಷ ಬಾಳೇವು ಮಾಡೀನಿ ನಾ, ಒಂದು ದಿನ ಹಾಲು ಒಡಿಸಿಲ್ಲ. ಎರಡು ಹೊತ್ತು ಕಾಸಿ, ತಣ್ಣೀರಾಗ ಇಡು! ಅಷ್ಟೂ ತಿಳಿಯಂಗಿಲ್ಲ, ಇನ್ನೊಬ್ಬರ ತಲಿ ಕೇಳ್ತಿ?"

ಸಾಹೇಬರ ಬಾಯಿ ತೆರೆದದ್ದು ತೆರೆದೇ ಇತ್ತು. ಸೊಸೆಯ ಮುಖ ಹಿಟ್ಟಿನ ಹಾಗೆ ಬಿಳುಚಿತು. ಕೆಲಸ ಹೋಯಿತು ಅಂತ ನನಗೆ ಆಗ ಹೊಳೆಯಿತು. ಆದರೆ ಬಾಯಿಂದ ಹೋದ ಮಾತನ್ನು ಎಲ್ಲಿಂದ ಹಿಡಿದು ತರಲಿ?

ಸೊಸೆ ಒಂದು ಸಲ ಉಸಿರು ಎಳೆದುಕೊಂಡಳು. ನನ್ನ ಕಡೆ ತಿರುಗಿ, ಬೆಣ್ಣೆಯಂಥ ದನಿಯಲ್ಲಿ ಅಂದಳು: "ಅತ್ತಿಯಾರ, ನಿಮಗ ಯಾಕ ಸಿಟ್ಟು ಬಂದೈತಿ ನನಗ ತಿಳೀತ್ರಿ. ನಿಮ್ಮ ಮಾತು ನಾ ಪೂರಾ ಕೇಳ್ತೀನಿ. ಇವರದೊಂದು ಮುಗಿಸ್ತೀನಿ, ಎರಡ ನಿಮಿಷ ಇಲ್ಲೇ ಕುಂದರ್ರಿ." ಆಮೇಲೆ ಪರದೆ ಕಡೆ ತಿರುಗಿ, "ಸರ್, ನಾಕು ದಿನ ನಿಮಗ ತ್ರಾಸ ಆಗೇತಿ, ತಪ್ಪಾತ್ರಿ. ಫ್ರಿಜ್ ಪೂರಾ ಬಂದ್ ಆಗೇತೋ, ತಣ್ಣಗಷ್ಟ ಆಗವಲ್ದೋ ಹೇಳ್ರಿ. ನಾಳೆ ಎಷ್ಟು ಹೊತ್ತಿಗೆ ಮಂದಿ ಕಳಸಿದ್ರ ನಿಮಗ ಅನುಕೂಲ?" ಅಂದಳು.

ಖರೇ ಹೇಳುತ್ತೇನೆ, ನಾನು ಯಾವಾಗ ಕೂತೆ ಅಂತ ನನಗೇ ಗೊತ್ತಾಗಲಿಲ್ಲ. ಲಟ್ಟಣಿಗೆ ತಾನೇ ಮಡಿಲಿಗೆ ಇಳಿದಿತ್ತು.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರು. "ಅಮ್ಮಾರ, ನಾ ಖರೇ ಬೈಲಿಲ್ರಿ. ಸಿಟ್ಟಿನ ಗಿರಾಕಿ ಬಂದ್ರ ಇವರು ಹೆಂಗ ಸಂಭಾಳಸ್ತಾರ ಅಂತ ಪರೀಕ್ಷಾ ಮಾಡಿದೆ."

ನನಗೆ ನಾಚಿಕೆಯಾಯಿತು. ಹಾಗಂತ ಒಪ್ಪಿಕೊಳ್ಳುವುದು ಹೇಗೆ? "ಪರೀಕ್ಷಾದಾಗೂ ಬೈಬ್ಯಾಡಪ್ಪಾ" ಅಂದೆ. "ಹದಿನೆಂಟು ವರ್ಷ ಆತು ನಾ ಈಕಿಗೆ ಅತ್ತಿ ಆಗಿ. ಒಂದ ಒಂದು ದಿನ ದನಿ ಎತ್ತಿ ಮಾತಾಡಿಲ್ಲ!"

ಸೊಸೆ ತಲೆ ತಗ್ಗಿಸಿ ಲ್ಯಾಪ್‌ಟಾಪಿನ ಗುಂಡಿಗಳನ್ನು ಎಣಿಸುತ್ತಾ ಕೂತಳು. ಸಾಹೇಬರು ನನ್ನನ್ನು ನೋಡಿದರು, ನನ್ನ ಮಡಿಲಿನ ಲಟ್ಟಣಿಗೆ ನೋಡಿದರು, ಅವಳನ್ನು ನೋಡಿದರು. ಆಮೇಲೆ ಅರ್ಜಿ ತಿರುವಿದರು.

"ಅಲ್ರಿ, ಅನುಭವ ಅನ್ನೋ ಜಾಗಾ ಖಾಲಿ ಬಿಟ್ಟೀರಲ್ಲಾ. ಇಷ್ಟು ಸಮಾಧಾನ ಎಲ್ಲಿ ಕಲತ್ರಿ?"

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಸಾಹೇಬರು ಕೈ ಎತ್ತಿ ತಡೆದರು.

"ಬ್ಯಾಡ್ರಿ, ಹೇಳಬ್ಯಾಡ್ರಿ, ಪಾಪ, ಅವರು ಅಲ್ಲೇ ಕುಂತಾರ. ಸೋಮವಾರದಿಂದ ಕೆಲಸ ಸುರು ಮಾಡ್ರಿ. ಅನುಭವ ಹದಿನೆಂಟು ವರ್ಷ ಅಂತ ನಾನ ಬರಕೋತೀನಿ."