ಮೆಟ್ಟಿಲ ಮೇಲೆ ನಿಂತು ಮಾತಾಡಬಾರದು

ಪ್ರೊಫೆಸರಮ್ಮನಿಗೆ ಹೃದಯವಿರಲಿಲ್ಲ. ಎದೆಯೊಳಗೆ ನಾಲ್ಕು ಕೋಣೆಗಳ ಒಂದು ಪಂಪು ಇತ್ತು, ಅಷ್ಟೆ. ಇದು ಆಗದವರು ಹಬ್ಬಿಸಿದ ಮಾತಲ್ಲ. ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಅವರೇ ತಮ್ಮ ಬಗ್ಗೆ ಕೊಟ್ಟುಕೊಂಡ ತೀರ್ಪು. ಗಂಡ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರಿಗೆ ರಕ್ತನಾಳ ಹೇಗೆ ಕಟ್ಟಿಕೊಳ್ಳುತ್ತದೆಂದು ವಿವರಿಸಿ, ಕಾಫಿ ಕೊಟ್ಟು ಕಳಿಸಿದ್ದರು. (ಬಂದವರಲ್ಲಿ ಇಬ್ಬರು ಆ ವಾರವೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡರು.) ಒಬ್ಬನೇ ಮಗನೂ ಪಂಪಿನ ವಿದ್ಯೆಯನ್ನೇ ಹಿಡಿದ, ಆದರೆ ನೀರಿನದು.

ಸೊಸೆ ಬಸುರಿಯಾದಾಗ ಪ್ರೊಫೆಸರಮ್ಮನಿಗೆ ಒಳಗೊಳಗೇ ಹುರುಪು ಬಂತು. ಇಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರಿಗೆ ಸುರಿದ ಜ್ಞಾನವನ್ನು ಕೊನೆಗೂ ಮನೆಯವರಿಗೆ ಬಡಿಸುವ ಕಾಲ. ಆದರೆ ಬಡಿಸುವ ಮೊದಲೇ ಕೆಳಮನೆಯ ಟೈಲರಮ್ಮ ಎಲೆ ಹಾಕಿಯಾಗಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಶಾಸ್ತ್ರ ಹೇಳಬಲ್ಲ ಹೆಂಗಸು ಅವಳು. ಸೊಸೆ ಕೊರಿಯರ್ ಆಫೀಸಿನಿಂದ ಬಂದವಳು ದಿನಾ ಮೆಟ್ಟಿಲ ಮಧ್ಯದಲ್ಲಿ ನಿಂತು ಅವಳ ಹತ್ತಿರ ಪಾಠ ಹೇಳಿಸಿಕೊಂಡು, ಮೇಲೆ ಬಂದು ಒಪ್ಪಿಸುವಳು.

"ಅತ್ತೆ, ಎದೆಯುರಿ ಜಾಸ್ತಿ ಇದ್ರೆ ಮಗುಗೆ ತಲೆ ತುಂಬ ಕೂದಲಂತೆ."

"ಎದೆಯುರಿ ಜಾಸ್ತಿ ಇದ್ರೆ ಹೊಟ್ಟೆಯ ಆಸಿಡ್ ಮೇಲೆ ಬಂದಿದೆ ಅಂತ."

"ಕೈ ಮೇಲೆತ್ತಿದ್ರೆ ಹೊಕ್ಕುಳಬಳ್ಳಿ ಮಗುವಿನ ಕತ್ತಿಗೆ ಸುತ್ತಿಕೊಳ್ಳುತ್ತಂತೆ."

"ನಿನ್ನ ಕೈಗೂ ಹೊಕ್ಕುಳಬಳ್ಳಿಗೂ ಯಾರಾದ್ರೂ ಹಗ್ಗ ಕಟ್ಟಿದಾರಾ? ಬಟ್ಟೆ ಒಣಹಾಕು, ಪರವಾಗಿಲ್ಲ."

"ಪಪ್ಪಾಯ ತಿನ್ನಬಾರದಂತೆ."

"ಚೆನ್ನಾಗಿ ಹಣ್ಣಾಗಿದ್ರೆ ತಿನ್ನು. ಪರವಾಗಿಲ್ಲ."

ತಿಂಗಳುಗಟ್ಟಲೆ ಹೀಗೆ ಒಂದೊಂದೇ ಮೂಢನಂಬಿಕೆಯ ತಲೆ ತರಿದು ಪ್ರೊಫೆಸರಮ್ಮ ವಿಜಯೋತ್ಸಾಹದಲ್ಲಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬ ಹೆಂಗಸನ್ನು ಮಾತ್ರ ಬಿಡುತ್ತಾರೆಂದು ತಿಳಿದಾಗ, ಆ ಒಬ್ಬಳು ಯಾರೆಂದು ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಯಾರಿಗೂ ಹೇಳದೆ ಆ ಕೋಣೆಗೆಂದೇ ಒಂದು ಜೊತೆ ರಬ್ಬರಿನ ಚಪ್ಪಲಿಯನ್ನೂ ಕೊಂಡಿಟ್ಟರು.

ಒಂದು ಸಂಜೆ ಸೊಸೆ ಬಟ್ಟೆ ಮಡಿಸುತ್ತ, "ಟೈಲರಮ್ಮನ್ನ ಕೇಳಿದೀನಿ ಅತ್ತೆ. ಅವರು ಬರ್ತಾರಂತೆ ಒಳಗೆ" ಎಂದಳು.

"ಅವಳಿಗೆ ಗರ್ಭಕೋಶ ಎಲ್ಲಿದೆ ಅಂತಾದ್ರೂ ಗೊತ್ತಾ?"

"ನಾನು ಎಲ್ಲಿದೀನಿ ಅಂತ ಗೊತ್ತಿರುತ್ತೆ. ಯಾಕೆ ಬಿಸಿಲಲ್ಲಿ ಬಂದೆ, ಅದು ಮುಟ್ಟಬೇಡ, ಇದು ತಿನ್ನಬೇಡ ಅಂತ ಬೈತಾರೆ. ನೀವು ಎಲ್ಲದಕ್ಕೂ ಪರವಾಗಿಲ್ಲ ಅಂತೀರಿ. ಬೇಜಾರು ಮಾಡ್ಕೋಬೇಡಿ ಅತ್ತೆ, ನನಗೆ ಏನೇ ಆದ್ರೂ ನಿಮಗೆ ಪರವಾಗಿಲ್ಲವೇನೋ ಅನ್ಸಿಬಿಡುತ್ತೆ."

ಪ್ರೊಫೆಸರಮ್ಮ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. (ಹೊಟ್ಟೆಕಿಚ್ಚಿಗೂ ಹೊಟ್ಟೆಗೂ ಶಾಸ್ತ್ರೀಯವಾಗಿ ಯಾವ ಸಂಬಂಧವೂ ಇಲ್ಲ, ಆದರೂ.) ಬೆಳಗ್ಗೆ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತ, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಶಾಸ್ತ್ರ ಹೇಳಲು ಬಾಯಿ ತೆರೆದರು. ಊರಲ್ಲಿ ಓಡಾಡುವ ಯಾವ ಶಾಸ್ತ್ರವನ್ನು ಹೇಳಹೊರಟರೂ ನಾಲಿಗೆ ಹೊರಳಲಿಲ್ಲ. ಸ್ವಂತದ್ದೊಂದನ್ನು ಕಟ್ಟುವುದೇ ಸುಲಭವೆನಿಸಿತು.

"ನೋಡು, ಬಸುರಿ ಮೆಟ್ಟಿಲ ಮೇಲೆ ನಿಂತು ಮಾತಾಡಬಾರದು."

ಸೊಸೆಯ ಕಣ್ಣು ಅರಳಿತು. "ಹೌದಾ ಅತ್ತೆ? ಮಾತಾಡಿದ್ರೆ ಏನಾಗುತ್ತೆ?"

ಇಷ್ಟು ದೂರ ಅವರು ಯೋಚಿಸಿರಲಿಲ್ಲ. "ಮಗು ಅತ್ಲಾಗೂ ಇಲ್ಲದೆ ಇತ್ಲಾಗೂ ಇಲ್ಲದೆ ಹುಟ್ಟುತ್ತೆ. ದೊಡ್ಡವನಾದ ಮೇಲೂ ಒಂದು ತೀರ್ಮಾನ ತಗೊಳ್ಳಲ್ಲ."

ಸೊಸೆ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅವಳ ಗಂಡ ನೀಲಿ ಶರ್ಟು, ಬೂದು ಶರ್ಟು ಎರಡನ್ನೂ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದ. "ಅಯ್ಯೋ ಅತ್ತೆ, ಇವರನ್ನ ಹೊತ್ತಾಗ ನೀವು ಮೆಟ್ಟಿಲ ಮೇಲೆ ನಿಂತಿದ್ರಾ?"

"ಮನೆ ಬದಲಾಯಿಸೋವಾಗ" ಎಂದರು ಪ್ರೊಫೆಸರಮ್ಮ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ತಾನಾಗಿಯೇ ಬರುತ್ತದೆಂಬುದನ್ನು ಅವರು ವೈಜ್ಞಾನಿಕ ಕುತೂಹಲದಿಂದ ಗಮನಿಸಿದರು.

ಸೊಸೆ ಅಂದಿನಿಂದ ಮೆಟ್ಟಿಲ ಮೇಲೆ ನಿಲ್ಲುವುದನ್ನು ಬಿಟ್ಟಳು. ನೇರವಾಗಿ ಟೈಲರಮ್ಮನ ಮನೆಯೊಳಗೇ ಹೋಗಿ ಕುರ್ಚಿ ಎಳೆದು ಕೂರತೊಡಗಿದಳು, ಕತ್ತಲಾದರೂ ಏಳುತ್ತಿರಲಿಲ್ಲ. ಟೈಲರಮ್ಮ ಈ ಶಾಸ್ತ್ರವನ್ನು ಕೇಳಿದ್ದೇ ತಡ, "ಮತ್ತೇನು, ನಮ್ಮಜ್ಜಿನೂ ಹೇಳ್ತಿದ್ಲು" ಎಂದು ಅದಕ್ಕೊಂದು ಲೈನಿಂಗ್ ಕೊಟ್ಟು, ಅಳತೆಗೆ ಬಂದ ಬಸುರಿಯರಿಗೆಲ್ಲ ಹಂಚಿದಳು. ನಿಂತು ಮಾತಾಡುವುದಿರಲಿ, ನಿಲ್ಲುವುದೇ ತಪ್ಪು ಎಂದಾಯಿತು.

ಕೆಲವು ವಾರ ಕಳೆದು ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಫೋನ್ ಮಾಡಿದಳು. ಪ್ರೊಫೆಸರಮ್ಮನ ಹಳೆಯ ವಿದ್ಯಾರ್ಥಿನಿ. "ಮೇಡಂ, ಇಲ್ಲಿ ಹೊಸದೊಂದು ಪಿಡುಗು. ತುಂಬಿದ ಬಸುರಿಯರು ಮೆಟ್ಟಿಲಲ್ಲಿ ಸುಧಾರಿಸಿಕೊಳ್ಳೋಕೆ ನಿಲ್ಲಲ್ಲ ಅಂತಾರೆ. ಒಂದೇ ಉಸಿರಲ್ಲಿ ಹತ್ತಿ ಬಂದು ಏದುಸಿರು ಬಿಡ್ತಾರೆ. ಯಾವ ಮೂರ್ಖರು ಹಬ್ಬಿಸಿದಾರೋ. ನೀವು ಬಂದು ಒಂದು ಭಾಷಣ ಮಾಡಿ. ನಿಮ್ಮ ಹಾಗೆ ಖಂಡಿಸೋರು ಬೇರೆ ಯಾರಿದಾರೆ?"

ಹೋದರು. ಸಭೆಯಲ್ಲಿ ಸಾಲುಸಾಲಾಗಿ ಹೊಟ್ಟೆಗಳು. ಮುಂದಿನ ಸಾಲಿನಲ್ಲೇ ಸೊಸೆ, ಪಕ್ಕದಲ್ಲಿ ಟೈಲರಮ್ಮ. ಪ್ರೊಫೆಸರಮ್ಮ ಶ್ವಾಸಕೋಶದಿಂದ ಆರಂಭಿಸಿ ಬೆನ್ನುಮೂಳೆಯವರೆಗೆ ಬಂದರು. ಯಾರ ಮುಖದಲ್ಲೂ ನಂಬಿಕೆ ಮೂಡಲಿಲ್ಲ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಮಾತು ಹಳೇ ಕಾಲದ್ದಲ್ಲ. ಕಟ್ಟಿದ್ದು ನಾನು. ನಮ್ಮ ಅಡುಗೆಮನೆಯಲ್ಲಿ, ಹಾಲು ಕಾಯಿಸ್ತಾ."

ಟೈಲರಮ್ಮ ಎದ್ದು ನಿಂತಳು. "ಮೇಡಂ, ನಿಮ್ಮ ಮೇಲೆ ನಮಗೆ ಗೌರವ ಇದೆ. ಆದ್ರೆ ಹಿರಿಯರು ಹೇಳಿದ ಮಾತನ್ನ ನಾನೇ ಹೇಳಿದ್ದು ಅನ್ನಬಾರದು. ನಮ್ಮಜ್ಜಿ ಹೇಳಿದ್ದನ್ನ ಈ ಕಿವಿಯಾರೆ ಕೇಳಿದೀನಿ." ಹಿಂದಿನ ಸಾಲಿನಿಂದ ಯಾರೋ, "ಪಾಪ, ವಯಸ್ಸಾಯ್ತಲ್ಲ" ಎಂದರು. ಚಪ್ಪಾಳೆ ಬಿತ್ತು, ಯಾರಿಗೆಂದು ವಿಚಾರಿಸಲು ಪ್ರೊಫೆಸರಮ್ಮನಿಗೆ ಧೈರ್ಯವಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಸೊಸೆ ಮೆಲ್ಲಗೆ ಕೇಳಿದಳು, "ನಿಜವಾಗ್ಲೂ ನೀವೇ ಕಟ್ಟಿದ್ದಾ ಅತ್ತೆ?"

"ಹೂಂ."

"ನನಗೋಸ್ಕರ?"

"ನೀನು ಅವಳ ಜೊತೆ ನಿಲ್ಲಬಾರದು ಅಂತ."

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು. "ಹಾಗಾದ್ರೆ ಒಳಗೆ ನೀವೇ ಬನ್ನಿ. ಟೈಲರಮ್ಮಂಗೆ ನಾನು ಹೇಳ್ತೀನಿ." ಜೀವಮಾನವೆಲ್ಲ ಆಡಿದ ಸತ್ಯ ಗಳಿಸಿಕೊಡದ ಗೌರವವನ್ನು ಒಂದು ಸುಳ್ಳು ಗಳಿಸಿಕೊಟ್ಟಿತ್ತು. ಪ್ರೊಫೆಸರಮ್ಮ ಇದನ್ನು ಯಾವ ಸಿದ್ಧಾಂತದ ಕೆಳಗೆ ಸೇರಿಸಬೇಕೆಂದು ಯೋಚಿಸುತ್ತ ಮನೆ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟರು.

ನೋವು ಶುರುವಾದದ್ದು ಒಂದು ಮಧ್ಯಾಹ್ನ. ಟೈಲರಮ್ಮ ಕರೆಯದಿದ್ದರೂ ಬಟ್ಟೆಯ ಚೀಲ ಹಿಡಿದು ಆಟೋ ಹತ್ತಿದಳು. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸ್ ಹಸಿರು ಗೌನು ಕೊಟ್ಟಾಗ ಪ್ರೊಫೆಸರಮ್ಮ ಅದನ್ನು ತೊಟ್ಟು ನಿಂತರು. ಸ್ಟ್ರೆಚರಿನ ಮೇಲಿದ್ದ ಸೊಸೆ ಅವರ ಕೈ ಹಿಡಿದಳು. ಅವಳ ಅಂಗೈ ತಣ್ಣಗಿತ್ತು.

"ಅತ್ತೆ, ಏನೂ ಆಗಲ್ಲ ಅಲ್ವಾ?"

"ನೂರಕ್ಕೆ ತೊಂಬತ್ತ..." ಎಂದು ಬಾಯಿ ತಾನಾಗಿಯೇ ಹೊರಟಿತು.

"ಏನೂ ಆಗಲ್ಲ ಕಣೇ" ಎಂದಳು ಹಿಂದಿನಿಂದ ಟೈಲರಮ್ಮ. "ನಾನು ಮೂರು ಹೆತ್ತು ಮಾರನೇ ದಿನ ಮಿಷಿನ್ ತುಳಿದಿಲ್ವಾ? ಉಸಿರು ಬಿಡು. ಹಾಂ, ಹಾಗೆ."

ಸೊಸೆಯ ಹೆಗಲು ಸಡಿಲವಾಯಿತು. ಉಸಿರು ನಿಧಾನಕ್ಕೆ ಬಂತು. ಒಂದು ಗುಳಿಗೆಯೂ ಇಲ್ಲದೆ, ಒಂದು ಸೂಜಿಯೂ ಇಲ್ಲದೆ. ಪ್ರೊಫೆಸರಮ್ಮ ಇದನ್ನು ನೋಡಿದರು. ಗೌನು ಬಿಚ್ಚಿದರು.

"ತಿರುಗು" ಎಂದರು ಟೈಲರಮ್ಮನಿಗೆ.

"ಮೇಡಂ, ನೀವಲ್ವಾ ಹೋಗೋದು?"

"ಒಳಗೆ ಫ್ಯಾನ್ ಇರಲ್ಲ. ನನಗೆ ಸೆಕೆ ತಡೆಯೋಕಾಗಲ್ಲ. ತಿರುಗು ಅಂದೆ." ಅವಳ ಬೆನ್ನ ಹಿಂದೆ ಲಾಡಿಗಳನ್ನು ತಾವೇ ಕಟ್ಟಿದರು. ಬಾಗಿಲು ಮುಚ್ಚಿಕೊಂಡಿತು.

ಮಗ ಕೆಲಸದಿಂದ ನೇರ ಓಡಿ ಬಂದಾಗ ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಅವನ ಕೈಯಲ್ಲಿನ್ನೂ ಗ್ರೀಸು. "ಅಮ್ಮಾ, ನೀನ್ಯಾಕೆ ಹೊರಗಿದೀಯ? ಅವಳು ಹೇಗಿದಾಳೆ?"

ಪ್ರೊಫೆಸರಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡರು. "ಏನೂ ಆಗಲ್ಲ. ಎಲ್ಲ ಒಳ್ಳೇದಾಗುತ್ತೆ."

ಮಗನ ಮುಖದ ಬಣ್ಣವೇ ಇಳಿಯಿತು. ಹುಟ್ಟಿದಾಗಿನಿಂದ ಅಮ್ಮನ ಬಾಯಿಂದ ಅಂಥ ಮಾತನ್ನು ಅವನು ಕೇಳಿರಲಿಲ್ಲ. "ಅಮ್ಮಾ," ಎಂದ, "ಅಷ್ಟು ಸೀರಿಯಸ್ಸಾ?"

"ಕೂತ್ಕೋ" ಎಂದು ಅವರು ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಅಮ್ಮ ನಾಡಿ ನೋಡುತ್ತಿದ್ದಾಳೆಂದುಕೊಂಡು ಮಗ ಅಲುಗಾಡದೆ ಕುಳಿತ. ಬಹಳ ಹೊತ್ತಾದರೂ ಅವರು ಕೈ ಬಿಡಲಿಲ್ಲ. ಪ್ರೊಫೆಸರಮ್ಮ ಎಣಿಸುತ್ತಿರಲಿಲ್ಲ.