ಎರವು ಹೋಗದ ಪುಸ್ತಕ

ಪ್ರಹ್ಲಾದರಾಯರಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರಿಂದ ಇಂಗ್ಲಿಷೂ ಬರುತ್ತಿತ್ತು. ಆದರೆ ಈ ಮೂರರಲ್ಲಿ ಯಾವುದರಲ್ಲೂ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಅವರ ಎಲ್ಲ ತಾಪತ್ರಯಕ್ಕೂ ಇದೇ ಮೂಲ.

ಅಕ್ಕಲಕೋಟೆಯಿಂದ ದಿನಾ ಬಸ್ಸಿನಲ್ಲಿ ಗಿರಣಿಗೆ ಹೋಗಿಬರುತ್ತಿದ್ದ ಅವರ ಮನೆಯಲ್ಲಿ ತಂದೆಯ ಕಾಲದ ಕನ್ನಡ ಪುಸ್ತಕಗಳಿದ್ದವು. ಇದ್ದವು ಅಂದರೆ, ಒಂದು ಕಾಲದಲ್ಲಿ. ಓಣಿಯವರು ಬರುತ್ತಿದ್ದರು, “ಓದಿ ಕೊಡ್ತೀನ್ರಿ” ಅನ್ನುತ್ತಿದ್ದರು, ಒಯ್ಯುತ್ತಿದ್ದರು. ಓದುತ್ತಿದ್ದರೋ ಇಲ್ಲವೋ ಆ ದೇವರಿಗೇ ಗೊತ್ತು. ಕೊಡುತ್ತಿರಲಿಲ್ಲ ಎಂಬುದು ರಾಯರಿಗೆ ಗೊತ್ತಿತ್ತು. ಎದುರುಮನೆಯ ಸಿದ್ದರಾಮಪ್ಪನವರು ವಾಗದರಿಯಲ್ಲಿ ತಲಾಠಿಯಾಗಿ ಊರಿನ ಜಮೀನಿನ ಲೆಕ್ಕ ನೋಡಿ ರಿಟೈರಾದವರು. ಅವರು ಒಯ್ದ ದಪ್ಪ ಪುಸ್ತಕವೊಂದು ಅವರದೇ ಕುಂಟು ಮಂಚದ ಕಾಲಡಿ ಬಿದ್ದಿರುವುದನ್ನು ರಾಯರು ಕಣ್ಣಾರೆ ಕಂಡಿದ್ದರು. ಕಂಡು, ಆ ಮನೆಯ ಚಹಾ ಕುಡಿದು, ಸುಮ್ಮನೆ ಎದ್ದು ಬಂದಿದ್ದರು. ಎಂಥ ಮನುಷ್ಯ ನೋಡಿ!

ಕಡೆಗೆ ಈ ವರ್ಷ ಹಬ್ಬದ ಬೋನಸ್ಸಿನಲ್ಲಿ ಒಂದು ಕಪಾಟು ಮಾಡಿಸುವುದೆಂದು ಅವರು ಗಟ್ಟಿ ಮನಸ್ಸು ಮಾಡಿದರು. ತೇಗದ ಕಪಾಟು, ಗಾಜಿನ ಬಾಗಿಲು, ಮುಖ್ಯವಾಗಿ ಕೀಲಿ. ‘ಇಲ್ಲ’ ಎಂಬ ಮಾತನ್ನು ತಮ್ಮ ಬದಲು ಕೀಲಿಯೇ ಹೇಳಲಿ ಎಂದು ಅವರ ಆಸೆ. ಉಳಿದಿರುವ ನಾಲ್ಕಾರು ಪುಸ್ತಕಗಳಾದರೂ ತಮ್ಮ ಹತ್ತಿರ ಉಳಿಯಬೇಕು, ಅಷ್ಟೆ.

ಅಷ್ಟರಲ್ಲಿ ಸೊಲ್ಲಾಪುರದ ನವಿ ಪೇಠೆಯ ಯೋಗಿರಾಜ ಅಡ್ಡ ಬಂದ. ಗಡಿಯಾರ, ರೇಡಿಯೋ ಮಾರುವ ಅಂಗಡಿ ಅವನದು. ಗಡಿಯಾರದ ಬೆಲ್ಟು ಹಾಕಿಸಲು ಹೋದ ರಾಯರು ಕಪಾಟಿನ ಸುದ್ದಿ ಹೇಳಿದ್ದೇ ತಪ್ಪಾಯಿತು. ಯೋಗಿರಾಜ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಶಾಲೆಯ ಮಕ್ಕಳು ಬರೆಯುವ ಪಾಟಿಯಂಥ ಒಂದು ವಸ್ತು ತೆಗೆದು, ಗುಂಡಿ ಒತ್ತಿ, ಅವರ ಮುಂದೆ ಹಿಡಿದ.

“ಕಪಾಟ ಯಾಕ್ರಿ ರಾವ್‌ಸಾಹೇಬ? ಹೇ ಬಘಾ! ಇದರಾಗ ಹತ್ತು ಪುಸ್ತಕ ಕುಂತಾವ. ಅಮೆರಿಕಾದ ಮಾಲ. ಮುಂಬೈದಾಗ ನಮ್ಮ ಸಡ್ಡಕನ ಕಡೆ ಒಂದ ಪೀಸ್ ಬಂದಿತ್ತು.”

1999ರಲ್ಲಿ ಸೊಲ್ಲಾಪುರದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಯಾರೂ ಕೊಂಡೂ ಇರಲಿಲ್ಲ. ರಾಯರು ಒಂದೇ ಪ್ರಶ್ನೆ ಕೇಳಿದರು.

“ಇದರೊಳಗಿಂದು ಒಂದು ಪುಸ್ತಕ ತಗದು ಮಂದಿಗೆ ಕೊಡ್ಲಿಕ್ಕೆ ಬರ್ತದೇನು?”

“ಛೇ! ಒಳಗಿಂದು ಒಳಗ ಇರೂದ್ರಿ. ಹೊರಗ ತಗ್ಯಾಕ ಬರಂಗಿಲ್ಲ” ಎಂದ ಯೋಗಿರಾಜ, ಮಾಲಿನ ಐಬನ್ನು ತಾನೇ ಬಾಯಿಬಿಟ್ಟೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡ. ಆದರೆ ರಾಯರ ಮುಖ ಆಗಲೇ ಅರಳಿತ್ತು. ಅದನ್ನು ಕಂಡು ಅವನಿಗೂ ಹುರುಪು ಬಂತು.

“ಮನಿಗೆ ಒಯ್ರಿ. ನಾಳಿ ಸಂಜಿತನಕ ಎಲ್ಲಾರೂ ಕೂಡಿ ವಿಚಾರ ಮಾಡ್ರಿ. ಪಸಂದ್ ಬಿದ್ರ ಇಟಗೋರಿ, ಇಲ್ಲಂದ್ರ ವಾಪಸ್ ತರ್ರಿ. ನಂದೇನೂ ತಕರಾರಿಲ್ಲ.”

ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ. ಗಿರಣಿಗೆ ರಜೆ. ರಾಯರು ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಯಂತ್ರ ಹಿಡಿದು ಕೂತರು. ಅಕ್ಷರ ಸಣ್ಣದಾಯಿತೆಂದರೆ ಗುಂಡಿ ಒತ್ತಿದರೆ ದೊಡ್ಡದಾಗುತ್ತಿತ್ತು. ಗೆದ್ದಲು ಹಿಡಿಯುವಂತಿಲ್ಲ, ಧೂಳಿಲ್ಲ, ಭಾರವಿಲ್ಲ. ಹೆಗಲ ಹಿಂದೆ ಯಾರೋ ಉಸಿರಾಡಿದಂತಾಯಿತು. ನೋಡಿದರೆ ಸಿದ್ದರಾಮಪ್ಪನವರು.

“ಮುಂದ ಹೊಳ್ಳಸ್ರಿ, ನಂದು ಓದಾಗೇತಿ” ಎಂದರು ಅವರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ರಾಯರು ಪುಟ ಹೊಳ್ಳಿಸಿದರು. ಸಿದ್ದರಾಮಪ್ಪನವರು ಕಟ್ಟೆಯ ಮೇಲೆ ಆರಾಮಾಗಿ ಕೂತು ಜಮೀನಿನ ತಕರಾರು ವಿಚಾರಿಸುವವರಂತೆ ಶುರು ಮಾಡಿದರು.

“ಇದು ಕರೆಂಟ್ ಮ್ಯಾಲೆ ನಡೀತೈತೇನು?”

“ಬ್ಯಾಟರಿ ಅದರಿ.”

“ಬ್ಯಾಟರಿ ಮುಗದ್ರ?”

“ಕರೆಂಟಿಗೆ ಹಚ್ಚಬೇಕು.”

“ಕರೆಂಟೂ ಹೋದ್ರ?”

“ಆವಾಗ ಓದ್ಲಿಕ್ಕೆ ಬರೂದಿಲ್ಲ.”

“ಹಂಗಂದ್ರ ಅಕ್ಕಲಕೋಟ್ಯಾಗ ಕುಂತು ಯಾವಾಗ ಓದಾವ್ರ ನೀವು?”

ಅಷ್ಟರಲ್ಲಿ ಹೆಂಡತಿ ಗೋಪಿಕಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಕನ್ನಡ ಬರ್ತದೇನು ಇದಕ?”

“ಬರೂದಿಲ್ಲ.”

“ಮರಾಠಿ?”

“ಅದೂ ಇಲ್ಲ.”

“ಅಯ್ಯ! ಇಷ್ಟು ತುಟ್ಟಿ ಮಷೀನು, ನಮ್ಮ ಅನುಜಾನಷ್ಟೂ ಸಾಲಿ ಕಲ್ತಿಲ್ಲ!”

ಮಗಳು ಅನುಜಾ ಓದುತ್ತಿದ್ದುದು ಮರಾಠಿ ಶಾಲೆಯಲ್ಲಿ. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತಂದೆ ಬಿಟ್ಟುಹೋದ ಪುಸ್ತಕಗಳನ್ನು ತಮ್ಮ ನಂತರ ಯಾರು ಓದಬೇಕು ಎಂಬುದು ರಾಯರನ್ನು ಒಳಗೊಳಗೇ ಕಾಡುತ್ತಿದ್ದ ಸಂಗತಿ. ಓದುವವರೇ ಇಲ್ಲದ ಮೇಲೆ ತೇಗದ ಕಪಾಟು ಯಾಕೆ? ಆದರೆ ಕನ್ನಡವೇ ಬಾರದ ಯಂತ್ರವಾದರೂ ಯಾಕೆ?

“ಅದೆಲ್ಲಾ ಆಮ್ಯಾಲೆ ನೋಡೂಣು” ಎಂದರು ಸಿದ್ದರಾಮಪ್ಪನವರು. “ಇವತ್ತ ಖಂಡೇನವಮಿ. ಇದು ಪುಸ್ತಕ ಅಂದ್ರ ಪೂಜಿಗಿ ಇಡಬೇಕು. ಮಷೀನ ಅಂದ್ರೂ ಪೂಜಿಗಿ ಇಡಬೇಕು. ಎರಡೂ ಕೂಡೇ ಇದ್ರ ಬಿಡಾಕ ಬರತೈತೇನ್ರಿ?”

ಇನ್ನೂ ನಮ್ಮದಾಗಿಲ್ಲ, ಇಲ್ಲ, ಬೇಡ ಎನ್ನಬೇಕಿತ್ತು. ರಾಯರ ಬಾಯಿಂದ ಬಂದದ್ದು “ಹೂಂ” ಎಂಬುದೊಂದೇ. ಗೋಪಿಕಾಬಾಯಿ ಯಂತ್ರವನ್ನು ಒಳಗೆ ಒಯ್ದು, ಈಳಿಗೆ, ಹೊಲಿಗೆಯ ಕತ್ತರಿ, ಅನುಜಾಳ ಪುಸ್ತಕಗಳ ಜೊತೆ ಮಣೆಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಏರಿಸಿ, ಚೆಂಡು ಹೂವು ಇಟ್ಟು, ನೈವೇದ್ಯ ತೋರಿಸಿದರು. ಪೂಜೆಗೆ ಕೂತ ಪುಸ್ತಕವನ್ನು ಆ ದಿನ ಓದುವಂತಿಲ್ಲ. ಪರೀಕ್ಷೆ ಮಾಡಲು ತಂದ ವಸ್ತುವಿಗೆ ದೂರದಿಂದ ಕೈ ಮುಗಿಯುವುದಷ್ಟೇ ರಾಯರ ಪಾಲಿಗೆ ಉಳಿಯಿತು.

ಊಟವಾದ ಮೇಲೆ ಮಣೆಯ ಎದುರು ಚಾಪೆ ಹಾಸಿಕೊಂಡು ತೂಗಿ ನೋಡತೊಡಗಿದರು. ಕಪಾಟೋ, ಯಂತ್ರವೋ? ಕಪಾಟಿಗೆ ಕೀಲಿ ಹಾಕಬಹುದು. ಆದರೆ ಸಿದ್ದರಾಮಪ್ಪ ಬಂದು “ಕೀಲಿ ತಗೀರಿ” ಅಂದರೆ ತಾವು ತೆಗೆಯುವವರೇ. ಯಂತ್ರದ ಕೀಲಿ ತಮ್ಮ ಕೈಯಲ್ಲೂ ಇಲ್ಲ. ಹಾಗೆ ನೋಡಿದರೆ ತಮ್ಮಂಥವರಿಗೆಂದೇ ಅಮೆರಿಕದವರು ಇದನ್ನು ಕಂಡುಹಿಡಿದಿರಬೇಕು. ಯಂತ್ರದ ಕಡೆಗೇ ಮನಸ್ಸು ವಾಲಿತು.

ಅಷ್ಟರಲ್ಲಿ ಓಣಿಯ ತುದಿಮನೆಯ ಮುದುಕಿ ಚಂದ್ರಭಾಗಾಬಾಯಿ ಬಾಗಿಲಲ್ಲಿ ನಿಂತರು. ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಸ್ತಕ. ಹೋದ ವರ್ಷ ಒಯ್ದದ್ದು.

“ತಗೋರಿ ರಾಯರ, ನಿಮ್ಮ ಮನಿ ಸರಸ್ವತಿ. ಪೂಜಾ ದಿನಾ ತನ್ನ ಮನ್ಯಾಗ ಇರಬೇಕಲ್ರಿ, ಅದಕ ತಂದೆ.”

“ಓದಿದ್ರೇನ್ರಿ?” ಎಂದರು ರಾಯರು, ಏನಾದರೂ ಕೇಳಬೇಕಲ್ಲ ಎಂದು.

“ನನಗಂತ ಒಯ್ದಿದ್ದಲ್ಲರಿ. ನಮ್ಮ ಮನಿಯವ್ರಿಗೆ ಕಣ್ಣು ಕಾಣ್ತಿದ್ದಿಲ್ಲಲ್ಲ, ದಿನಾ ಸಂಜೀಕ ಓದಿ ಹೇಳ್ತಿದ್ದೆ. ‘ನಾಳಿಗೆ ಸ್ವಲ್ಪ ಉಳಸ, ಎಲ್ಲಾ ಒಮ್ಮೆಲೆ ಮುಗಸಬ್ಯಾಡ’ ಅಂತಿದ್ರು. ಹಂಗ ಉಳಸಿ ಉಳಸಿ ಓದಿದ್ವಿ. ಕಡೀಕ ನಾಕು ಹಾಳಿ ಉಳದ್ವು, ಅವ್ರೇ ಹೋಗಿಬಿಟ್ರು. ನಾ ಒಬ್ಬಾಕಿ ಓದಿ ಮುಗಸ್ಲಿಲ್ಲ.” ಮುದುಕಿ ಕಣ್ಣೊರೆಸಿಕೊಂಡು ನಕ್ಕರು. “ದಸರಾ ಆದಮ್ಯಾಲೆ ಇನ್ನೊಂದು ಕೊಡ್ರಿ. ಗೋಡೀ ಮುಂದನರೆ ಓದ್ತೀನಿ. ಸಂಜೀನ ಹೋಗವಲ್ದು.”

ರಾಯರು ಪುಸ್ತಕ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಮುದುಕಿ ಹೋದ ಮೇಲೆ ಅದನ್ನು ಮಣೆಯ ಮೇಲೆ ಯಂತ್ರದ ಪಕ್ಕಕ್ಕೆ ಇಟ್ಟರು. ಎರವು ಹೋದ ಹತ್ತು ಪುಸ್ತಕಗಳಲ್ಲಿ ಒಂಬತ್ತು ಮಂಚದ ಕಾಲಡಿ ಸೇರಲಿ, ಒಂದಾದರೂ ಹೀಗೆ ಯಾರದೋ ಸಂಜೆಗಳನ್ನು ತುಂಬಿದರೆ ಸಾಕಲ್ಲವೇ? ಹೊರಗೇ ಹೋಗದ ಪುಸ್ತಕ ಇದ್ದರೆಷ್ಟು ಬಿಟ್ಟರೆಷ್ಟು? ತಂದೆಯವರು ಇದ್ದಾಗಲೂ ಈ ಮನೆಯ ಬಾಗಿಲಿಗೆ ಜನ ಪುಸ್ತಕಕ್ಕಾಗಿಯೇ ಬರುತ್ತಿದ್ದರು. ರಾಯರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಯಿತು.

“ಏ ಇವಳ, ಮಷೀನು ವಾಪಸ್ ಕೊಟ್ಟು ಬರ್ತೀನಿ. ಹಂಗೇ ಬಡಿಗೇರ ಮರೆಪ್ಪಗ ಕಪಾಟದ ಅಡ್ವಾನ್ಸ ಕೊಡ್ತೀನಿ. ಕೀಲಿ ಬ್ಯಾಡಂತ ಹೇಳ್ತೀನಿ” ಎಂದರು.

ಗೋಪಿಕಾಬಾಯಿ ಖುಷಿಯಿಂದ ಅಕ್ಷತೆ ಹಾಕಿ, ಪೂಜೆ ಮುಗಿಯಿತೆಂದು ಯಂತ್ರವನ್ನು ಕದಲಿಸಿ ಕೊಟ್ಟರು. ರಾಯರು ಬೋನಸ್ಸಿನ ಪಾಕೀಟು ಒಳಜೇಬಿನಲ್ಲಿಟ್ಟುಕೊಂಡು, ಚೀಲ ಹಿಡಿದು ಎಸ್‌ಟಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕರವಸ್ತ್ರದಿಂದ ಕುಂಕುಮ ಒರೆಸಿದರು. ಜನ್ಮದಲ್ಲಿ ಮೊದಲ ಸಲ ಒಂದು ಗಟ್ಟಿ ನಿರ್ಧಾರ ಮಾಡಿದ ಮನುಷ್ಯನ ಹಾಗೆ ಎದೆ ಸೆಟೆಸಿ ನವಿ ಪೇಠೆಯಲ್ಲಿ ಇಳಿದು ನಡೆದರು.

“ಪಸಂದ್ ಬೀಳ್ಲಿಲ್ಲೇನ್ರಿ? ಇರ್ಲಿ ಬಿಡ್ರಿ, ಕಾಹೀ ಹರಕತ್ ನಾಹೀ” ಎಂದು ಯೋಗಿರಾಜ ಯಂತ್ರವನ್ನು ಸರಳವಾಗಿಯೇ ಇಸಿದುಕೊಂಡ. ಡಬ್ಬಿಗೆ ಹಾಕುವ ಮುನ್ನ ಹೊರಳಿಸಿ ನೋಡಿದ. ಗುಂಡಿಯ ಸಂದಿನಲ್ಲಿ ಅರಿಷಿಣ ಮೆತ್ತಿತ್ತು. ಯೋಗಿರಾಜ ಚಪ್ಪಲಿ ಬಿಟ್ಟ. ಯಂತ್ರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

“ಪೂಜಾ ಮಾಡೀರೇನು?”

ಸುಳ್ಳು ಹೇಳುವುದೂ ರಾಯರಿಗೆ ಬರುತ್ತಿರಲಿಲ್ಲ. “ಹೂಂ” ಎಂದರು.

“ಅರೇ ದೇವಾ! ಹೊಸಾ ಗಾಡಿಗಿ ಹಾರಾ ಹಾಕಿ, ಗಾಲಿ ಬುಡಕ ನಿಂಬಿಕಾಯಿ ಇಟ್ಟು ತುಳಿಸಿ, ಆಮ್ಯಾಲೆ ‘ಬ್ಯಾಡ’ ಅಂತ ಯಾರರೆ ತಿರುಗಿ ತರ್ತಾರೇನ್ರಿ? ಪೂಜಿಗಿ ಕುಂತತಿ ಅಂದಮ್ಯಾಲೆ ಅದು ನಿಮ್ಮ ಮನಿ ಸರಸ್ವತಿ. ಖಂಡೇನವಮಿ ದಿನಾ ನೀವು ಆಕೀನ್ನ ಹೊರಗ ಹಾಕ್ತೀರಿ, ನಾ ಆಕೀನ್ನ ಮಾರಾಕ ಇಡ್ಲೇನು? ನಕೋ, ನಕೋ! ನನಗೂ ಹೆಂಡ್ರು ಮಕ್ಕಳು ಅದಾರು.”

ಅಂಗಡಿಯಲ್ಲಿದ್ದ ಗಿರಾಕಿಗಳೂ ತಿರುಗಿ ನಿಂತರು. “ಬರೋಬರ್ ಆಹೇ” ಎಂದ ಒಬ್ಬ. “ಮನಿ ಸರಸ್ವತಿನ್ನ ಹೊರಗ ಹಾಕಬಾರದ್ರಿ ಯಜಮಾನ್ರ, ಮಕ್ಕಳ ವಿದ್ಯಾಕ್ಕ ಕೇಡು” ಎಂದ ಇನ್ನೊಬ್ಬ. ಬೇಡ, ನನಗೆ ಇದು ಬೇಡ. ಹೇಳಬೇಕಿದ್ದದ್ದು ಇಷ್ಟೇ ಮಾತು. ರಾಯರು ಬಾಯಿ ತೆರೆದರು. ಗಿರಾಕಿಗಳೆಲ್ಲ ಕಾದರು.

“ರಸೀದಿ ಕೊಡ್ತೀರೇನು?” ಎಂದರು ರಾಯರು.

ಮರೆಪ್ಪನ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ಹಾದು, ಬಸ್ಸು ಹಿಡಿದು, ಸಂಜೆ ಊರು ಮುಟ್ಟಿದರು. ಬೋನಸ್ಸೆಲ್ಲ ಯಂತ್ರಕ್ಕೇ ಸಂದು ಕಪಾಟು ಹೋಯಿತು. ಆದರೂ ದಾರಿಯಲ್ಲಿ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದರು: ತುಟ್ಟಿಯೋ ಅಗ್ಗವೋ, ಇದರೊಳಗಿನ ಹತ್ತು ಪುಸ್ತಕಗಳನ್ನಂತೂ ಯಾವ ಅಪ್ಪನ ಮಗನೂ ಒಯ್ಯಲಾರ.

ಕಟ್ಟೆಯ ಮೇಲೆ ಸಿದ್ದರಾಮಪ್ಪನವರು ಕಾಯುತ್ತ ಕೂತಿದ್ದರು.

“ಬರ್ರಿ ರಾಯರ. ನಾಳಿ ದಸರಾಕ ನಮ್ಮ ಅಳಿಯ ಬರಾಂವ ಅದಾನ. ಭಾಳ ಓದಾಂವ. ಓದಾಕೇನರೆ ಕೊಡ್ರಿ.”

ರಾಯರಿಗೆ ಇಂಥದೊಂದು ಗಳಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಯಂತ್ರವನ್ನು ಎತ್ತಿ ತೋರಿಸಿ, ಗೆದ್ದ ದನಿಯಲ್ಲಿ ಹೇಳಿದರು: “ಇದರೊಳಗಿಂದು ಪುಸ್ತಕ ಹೊರಗ ತಗೀಲಿಕ್ಕೆ ಬರೂದಿಲ್ರಿ!”

“ತಗೀಬ್ಯಾಡ್ರಿ” ಎಂದರು ಸಿದ್ದರಾಮಪ್ಪನವರು ಕೈ ಚಾಚಿ. “ಹಂಗ ಕೊಡ್ರಿ. ಓದಿ ಕೊಡ್ತೀವಿ.”

ಅವರು ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿ ದಾಟಿ ತಮ್ಮ ಮನೆಯ ಮೆಟ್ಟಿಲು ಏರುವವರೆಗೂ ರಾಯರು ಹಾಗೆಯೇ ನಿಂತಿದ್ದರು. ಆಮೇಲೆ ಥಟ್ಟನೆ ಏನೋ ನೆನಪಾಗಿ, ಚೀಲದಲ್ಲಿ ಕೈಹಾಕಿ ತಡಕಾಡಿ, ಧೋತರ ಎತ್ತಿಕೊಂಡು ಹಿಂದೆಯೇ ಓಡಿದರು.

“ಸಿದ್ದರಾಮಪ್ಪನವರ, ನಿಂದರ್ರಿ! ಚಾರ್ಜಿಂಗ್ ವೈರು ಇಲ್ಲೇ ಉಳೀತು!”